ಅಂಜದೀವದ ನೀರು

ಕಡಲವಿಹಾರಕ್ಕೆ ದ್ವೀಪವನ್ನು ಆರಿಸುವವರು ಇಂದು ಕೇಳುವುದು ಬಿಳಿಮರಳು ಉಂಟೆ, ತಂಗಲು ಅನುಕೂಲ ಉಂಟೆ ಎಂದು. ಹಾಯಿಹಡಗಿನ ಕಾಲದವರ ಮೊದಲ ಪ್ರಶ್ನೆಯೇ ಬೇರೆ: ಸಿಹಿನೀರು ಉಂಟೆ? ಕೆರೆ ಕೋಡಿಬಿದ್ದರೆ ಹಿಗ್ಗುವ ನಮ್ಮ ಮುರುಗಮಲ್ಲದ ಸೀಮೆಯವರಿಗೆ ಆ ಪ್ರಶ್ನೆಯ ತೂಕವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಾರವಾರದ ದಕ್ಷಿಣಕ್ಕೆ, ದಡಕ್ಕೆ ಸಮೀಪದಲ್ಲೇ ಅಂಜದೀವವೆಂಬ ನಡುಗಡ್ಡೆಯಿದೆ. 1498ರಲ್ಲಿ ಕಲ್ಲಿಕೋಟೆಯಿಂದ ಹಿಂದಿರುಗುತ್ತಿದ್ದ ವಾಸ್ಕೋ ಡ ಗಾಮ ಇಲ್ಲಿ ತಂಗಿ, ಹಡಗುಗಳನ್ನು ದುರಸ್ತಿ ಮಾಡಿಸಿ, ನೀರು ತುಂಬಿಸಿಕೊಂಡು ಹೊರಟ. 1505ರಲ್ಲಿ ಪೋರ್ಚುಗೀಸರು ಕೋಟೆಯನ್ನೂ ಎಬ್ಬಿಸಿದರು, ಮರುವರ್ಷವೇ ಕೆಡವಿದರು.

ನೀರೊಂದೇ ಸಾಲದೆಂಬುದನ್ನು ಪ್ರಾಣ ತೆತ್ತು ಕಲಿತವರು ಇಂಗ್ಲಿಷರು. 1661ರ ವಿವಾಹದ ಒಪ್ಪಂದದಿಂದ ಬೊಂಬಾಯಿ ಎರಡನೆಯ ಚಾರ್ಲ್ಸನಿಗೆ ಬಳುವಳಿಯಾಗಿ ಬಂದಿತ್ತು. ಅದನ್ನು ವಶಪಡಿಸಿಕೊಳ್ಳಲು 1662ರಲ್ಲಿ ಬಂದ ಸರ್ ಅಬ್ರಹಾಂ ಶಿಪ್‌ಮನ್ನನಿಗೆ ಪೋರ್ಚುಗೀಸ್ ಅಧಿಕಾರಿಗಳು ಊರನ್ನು ಬಿಟ್ಟುಕೊಡಲಿಲ್ಲ. ಸುಮಾರು ನಾನೂರು ಸೈನಿಕರೊಡನೆ ಆತ ಅಂಜದೀವದಲ್ಲಿ ಇಳಿದು ಕಾದ. ಎರಡು ಮಳೆಗಾಲ ಕಳೆದವು. ರೋಗ ಹಬ್ಬಿತು, 1664ರಲ್ಲಿ ಶಿಪ್‌ಮನ್ನನೇ ಅಲ್ಲಿ ಮಡಿದ. 1665ರ ಫೆಬ್ರವರಿಯಲ್ಲಿ ಹಂಫ್ರಿ ಕುಕ್ ಬೊಂಬಾಯಿಯನ್ನು ಹೊಕ್ಕಾಗ ಉಳಿದಿದ್ದವರು ನೂರರ ಆಸುಪಾಸು. ಬಳುವಳಿಯ ಕಥೆಯನ್ನು ರಸವತ್ತಾಗಿ ಹೇಳುವ ಚರಿತ್ರೆಕಾರರಲ್ಲಿ ಈ ಸತ್ತವರಿಗೆ ಒಂದು ಸಾಲು ಸಿಕ್ಕರೆ ಹೆಚ್ಚು.

1961ರ ಡಿಸೆಂಬರಿನಲ್ಲಿ ಭಾರತದ ನೌಕಾಪಡೆ ದ್ವೀಪವನ್ನು ಪೋರ್ಚುಗೀಸರಿಂದ ಬಿಡಿಸಿಕೊಂಡಿತು. ಪಡೆಯ ಏಳು ಮಂದಿ ಅಲ್ಲಿ ಬಿದ್ದರು. ಈಗ ಅದು ನೌಕಾನೆಲೆಯ ಭಾಗ, ವಿಹಾರಿಗಳಿಗೆ ಪ್ರವೇಶವಿಲ್ಲ. ಅವರು ಮಲ್ಪೆಗೆ ಹೋಗಿ ಸೇಂಟ್ ಮೇರಿ ದ್ವೀಪದ ದೋಣಿ ಹತ್ತುತ್ತಾರೆ. ಕುಡಿಯುವ ನೀರನ್ನು ಜೊತೆಯಲ್ಲೇ ಒಯ್ಯುವುದು ಲೇಸು.