ಲೋಳಸೂರ ಸೇತುವೆ ಕೆಳಗ ಮೂರು ನದಿ ನೀರು

ಮಳೆಗಾಲ ಬಂತಂದ್ರ ನಾವೆಲ್ಲ ಕೇಳೂದು ಒಂದೇ ಮಾತು: "ಹಿಡಕಲ್‌ದಿಂದ ಎಷ್ಟು ಬಿಟ್ಟಾರ?" 2019ರ ಆಗಸ್ಟ್‌ದಾಗ ನಾನೂ ಅದನ್ನೇ ಕೇಳಕೋತ ಕುಂತಿದ್ದೆ. ದಂಡಿ ಮ್ಯಾಲಿನ ಮೋಟರ್ ಎತ್ತೂದರಾಗ ಕಬ್ಬಿನ ಹೊಲಕ್ಕ ನೀರು ಬಂದಿತ್ತು. ಗೋಕಾಕ ಊರೊಳಗೂ ಹೊಕ್ಕಿತು. ನಾವು ಲೆಕ್ಕ ಹಾಕಿದ್ದು ಒಂದು ನದಿದು, ಬಂದದ್ದು ಮೂರು ನದಿ ನೀರು.

ಘಟಪ್ರಭಾ ಸಹ್ಯಾದ್ರಿಯಿಂದ ಇಳಿದು ಹುಕ್ಕೇರಿ ತಾಲ್ಲೂಕಿನ ಹಿಡಕಲ್‌ದಾಗ ನಿಲ್ಲುತ್ತದೆ. ರಾಜಾ ಲಖಮಗೌಡ ಜಲಾಶಯ, 51 ಟಿಎಂಸಿ. ಹುನ್ನೂರಿನ ವಿಠ್ಠಲ ಗುಡಿ ಇದರ ಹಿನ್ನೀರಿನಾಗ ಮುಳುಗಿ, ಬ್ಯಾಸಗ್ಯಾಗ ನೀರು ಇಳಿದಾಗ ಕಾಣತೈತಿ.

ಹಿರಣ್ಯಕೇಶಿ ಬ್ಯಾರೆ. ಅಂಬೋಲಿ ಘಟ್ಟದಾಗ ಹುಟ್ಟಿ ಆಜರಾ, ಗಡಹಿಂಗ್ಲಜ, ಸಂಕೇಶ್ವರ ದಾಟಿ ಹಿಡಕಲ್‌ದ ಕೆಳಗ ಬಂದು ಕೂಡತೈತಿ. ಅಂಬೋಲಿ ಮಳಿ ಅಂದ್ರ ಗೊತ್ತಲ್ಲ! ಹಿಡಕಲ್‌ದ ಗೇಟು ಪೂರಾ ಹಾಕಿದರೂ ಈ ನೀರು ನಿಲ್ಲೂದಿಲ್ಲ.

ಎರಡೂ ಕೂಡಿ ಧೂಪದಾಳಕ್ಕ ಬರತಾವು. ಅಲ್ಲಿಯದು ಬ್ರಿಟಿಷರ ಕಾಲದ ಒಡ್ಡು. ನಮ್ಮ ಎಡದಂಡೆ ಕಾಲುವೆಗೆ ನೀರು ತಿರುಗಿಸಲಿಕ್ಕೆ ಕಟ್ಟಿದ್ದು, ಮಹಾಪೂರ ತಡೆಯಲಿಕ್ಕೆ ಅಲ್ಲ. ಅದನ್ನ ಹಾರಿ ಮುಂದ ಫಾಲ್ಸಿನಾಗ 171 ಅಡಿ ಬೀಳತೈತಿ. 1887ರಾಗ ಆರಂಭವಾದ ಗೋಕಾಕ ಮಿಲ್ಲು ನಡೆದದ್ದು ಇದೇ ನೀರಿನ ಬಲದಿಂದ.

ಫಾಲ್ಸಿನ ನೀರಿನಾಗ ಮಾರ್ಕಂಡೇಯದ ಒಂದು ಹನಿಯೂ ಇಲ್ಲ. ಇದನ್ನ ಬಾಳ ಮಂದಿ ಮರೀತಾರ. ಅದು ಖಾನಾಪುರ ತಾಲ್ಲೂಕಿನ ಬೈಲೂರದಾಗ ಹುಟ್ಟಿ, ರಕ್ಕಸಕೊಪ್ಪದಾಗ ಬೆಳಗಾವಿ ಮಂದಿಗೆ ಕುಡಿಯಲಿಕ್ಕೆ ಕೊಟ್ಟು, ಕಾಕತಿ, ಪಾಚ್ಛಾಪುರ, ಶಿರೂರ ಡ್ಯಾಂ ದಾಟಿ, ಗೊಡಚಿನಮಲ್ಕಿಯಲ್ಲಿ ಜಿಗಿದು, ಚಿಕ್ಕೋಳಿ ಸೇತುವೆ ಕೆಳಗ ಹಾದು ಗೋಕಾಕ ಹತ್ತಿರ ಘಟಪ್ರಭಾಕ್ಕ ಕೂಡತೈತಿ. ಶಿರೂರ ಡ್ಯಾಂ ಹಿಡಕಲ್ ಮುಂದ ಸಣ್ಣದು, ಲಗೂನ ತುಂಬತೈತಿ. ದೊಡ್ಡ ಹೊಳಿ ತುಂಬಿದ್ದರೆ ಈ ನೀರಿಗೆ ಹೋಗಾಕ ದಾರಿ ಇಲ್ಲ, ಹಿಂದಕ್ಕ ಸರಿದು ಊರೊಳಗ ಹೊಗತೈತಿ.

ಆಮೇಲಿನದು ಮೂಡಲಗಿ ಕಡೆಯವರ ಪಾಲು: ಸುಣಧೋಳಿ, ಅವರಾದಿ. ಮುಂದ ಮುಧೋಳ ದಾಟಿ ಚಿಕ್ಕಸಂಗಮದಾಗ ಕೃಷ್ಣೆ.

ಹಂಗಾಗಿ ಈಗ ನಾನು ಮೂರು ಕಡೆ ಫೋನ್ ಹಚ್ಚತೀನಿ: ಸಂಕೇಶ್ವರದಾಗ ಬೀಗರಿಗೆ, ಧೂಪದಾಳದ ಗೆಳೆಯಗ, ಪಾಚ್ಛಾಪುರದ ಅಳಿಯಗ. ಮೂವರೂ "ಏರೇತಿ" ಅಂದ್ರ, ಹಿಡಕಲ್ ಸುದ್ದಿಗೆ ಕಾಯೂದಿಲ್ಲ, ಮೋಟರ್ ಬಿಚ್ಚತೀನಿ.