ಗೋಡೆ ಮತ್ತು ಕಿಟಕಿ: ನಮ್ಮ ವಾಡೆಗಳು ಹೇಳುವ ಇತಿಹಾಸ

ಇತಿಹಾಸವೆಂದರೆ ದೇವಾಲಯ, ಕೋಟೆ, ಶಾಸನ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಹಾನಗಲ್ಲಿಗೆ ಹೋದವರು ತಾರಕೇಶ್ವರ ದೇವಾಲಯವನ್ನು, ಶಿಗ್ಗಾವಿ ತಾಲ್ಲೂಕಿನ ಬಂಕಾಪುರಕ್ಕೆ ಹೋದವರು ಕೋಟೆಯೊಳಗಿನ ನಗರೇಶ್ವರ ದೇವಾಲಯವನ್ನು ನೋಡಿ ಹಿಂದಿರುಗುತ್ತಾರೆ. ಆದರೆ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಯ ಹಳ್ಳಿಗಳಲ್ಲಿ ಗಮನಿಸಬೇಕಾದ ಇನ್ನೊಂದು ಬಗೆಯ ಕಟ್ಟಡವಿದೆ. ದೇಸಾಯಿ, ದೇಶಪಾಂಡೆ, ನಾಡಗೌಡ, ಇನಾಮದಾರ ಮನೆತನದವರು ಕಟ್ಟಿಸಿದ ದೊಡ್ಡ ಮನೆಗಳವು. ಜನ ಅವನ್ನು ವಾಡೆ ಎಂದು ಕರೆಯುತ್ತಾರೆ.

ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿಯೂ ಜಮೀನುದಾರರ ಭಾರಿ ಮನೆಗಳಿವೆ. ಸುತ್ತಲಿನ ಭೂಮಿಯ ಆದಾಯದಿಂದ ಎದ್ದು ನಿಂತದ್ದು, ಹಳ್ಳಿಯ ಲೆಕ್ಕಪತ್ರ, ನ್ಯಾಯ ಪಂಚಾಯಿತಿ, ಅತಿಥಿ ಸತ್ಕಾರಗಳೆಲ್ಲ ಒಂದೇ ಸೂರಿನಡಿ ನಡೆದದ್ದು ಎರಡು ಕಡೆಗೂ ಸಮಾನ. ಆದರೂ ಹೊರಗಿನಿಂದ ನೋಡಿದರೆ ಎರಡಕ್ಕೂ ಹೋಲಿಕೆಯೇ ಇಲ್ಲ. ಆ ಮನೆಯ ಮುಖದ ತುಂಬ ಕಿಟಕಿ. ನಮ್ಮ ವಾಡೆಯ ಮುಖದ ತುಂಬ ಗೋಡೆ. ಏಕೆ ಹೀಗೆ?

ಉತ್ತರವನ್ನು ಕಾಲಮಾನದಲ್ಲಿ ಹುಡುಕಬೇಕು. 1485ರಲ್ಲಿ ಟ್ಯೂಡರ್ ವಂಶ ಪಟ್ಟಕ್ಕೆ ಬಂದ ಮೇಲೆ ಇಂಗ್ಲೆಂಡಿನ ಶ್ರೀಮಂತರ ಒಳಜಗಳಗಳು ಕ್ರಮೇಣ ತಗ್ಗಿದವು. ಮನೆಗೆ ಕಂದಕ, ಬುರುಜುಗಳ ಅಗತ್ಯ ಉಳಿಯಲಿಲ್ಲ. ಡರ್ಬಿಷೈರಿನ ಹಾರ್ಡ್‌ವಿಕ್ ಹಾಲ್ ಇದಕ್ಕೆ ಒಳ್ಳೆಯ ಉದಾಹರಣೆ. ಎಲಿಜಬೆತ್ ಟಾಲ್ಬಟ್ ಎಂಬ ಸಿರಿವಂತ ಮಹಿಳೆ 1590ರ ದಶಕದಲ್ಲಿ ಕಟ್ಟಿಸಿದ ಈ ಮನೆಯ ವಿನ್ಯಾಸ ರಾಬರ್ಟ್ ಸ್ಮಿತ್‌ಸನ್ ಎಂಬುವನದೆಂದು ಹೇಳುತ್ತಾರೆ. ಗಾಜು ಬಲು ದುಬಾರಿಯಾಗಿದ್ದ ಆ ಕಾಲದಲ್ಲಿ ಅಂತಸ್ತು ಏರಿದಂತೆಲ್ಲ ಕಿಟಕಿಗಳೂ ಎತ್ತರವಾಗುತ್ತ ಹೋದವು. ಸಂಪತ್ತಿನ ಪ್ರದರ್ಶನದ ಜೊತೆಗೆ, ಯಾರೂ ದಾಳಿ ಮಾಡುವುದಿಲ್ಲ ಎಂಬ ನೆಮ್ಮದಿಯೂ ಆ ಗಾಜಿನಲ್ಲಿತ್ತು.

ನಮ್ಮ ಸೀಮೆಗೆ ಆ ನೆಮ್ಮದಿ ದೊರೆಯಲಿಲ್ಲ. 1686ರಲ್ಲಿ ಬಿಜಾಪುರ ಪತನವಾದ ಮೇಲೆ ಅಬ್ದುಲ್ ರವೂಫ್ ಖಾನನು ಔರಂಗಜೇಬನಿಂದ ಜಹಗೀರು ಪಡೆದು ಸವಣೂರಿನ ನವಾಬ ಮನೆತನಕ್ಕೆ ಬುನಾದಿ ಹಾಕಿದನು. ಮುಂದೆ ಈ ನಾಡು ಪುಣೆ, ಹೈದರಾಬಾದು, ಶ್ರೀರಂಗಪಟ್ಟಣಗಳ ಹಗ್ಗಜಗ್ಗಾಟಕ್ಕೆ ಸಿಕ್ಕಿತು. 1756ರಲ್ಲಿ ಪೇಶ್ವೆ ಮತ್ತು ನಿಜಾಮರ ಸೈನ್ಯಗಳು ಸವಣೂರಿಗೆ ಮುತ್ತಿಗೆ ಹಾಕಿದವು. 1764ರಲ್ಲಿ ಹೈದರಾಲಿ ನವಾಬನನ್ನು ಸೋಲಿಸಿದನು. 1786ರಲ್ಲಿ ಟಿಪ್ಪು ಸುಲ್ತಾನ್ ಊರನ್ನು ವಶಪಡಿಸಿಕೊಂಡನು. ದಂಡು ಹೋಗುವ ದಾರಿಯಲ್ಲಿ ಮನೆ ಕಟ್ಟುವವನು ಬೀದಿಯ ಕಡೆಗೆ ದೊಡ್ಡ ಕಿಟಕಿ ಇಡುವನೆ?

ಆದುದರಿಂದಲೇ ವಾಡೆ ಹೊರಗೆ ಮುಚ್ಚಿಕೊಂಡು ಒಳಗೆ ತೆರೆದುಕೊಂಡಿತು. ಎತ್ತರದ ಹೆಬ್ಬಾಗಿಲು, ಅದರ ದಪ್ಪ ಕದದಲ್ಲಿ ಒಬ್ಬರೇ ತಲೆ ಬಾಗಿಸಿ ನುಗ್ಗಬಹುದಾದ ದಿಡ್ಡಿ ಬಾಗಿಲು. ದಾಟಿದರೆ ಅಂಗಳ, ಕಟ್ಟೆ, ಪಡಸಾಲೆ. ನಡುಮನೆ, ದೇವರಮನೆ, ಅಡುಗೆಮನೆ, ಹಿತ್ತಲು ಒಂದರ ಹಿಂದೊಂದು. ಮನೆಯ ಅಳತೆಯನ್ನು ಅಂಕಣಗಳಲ್ಲಿ ಹೇಳುತ್ತಿದ್ದರು. ಎರಡು ಸಾಲು ಕಂಬಗಳ ನಡುವಿನ ಅಂತರವೇ ಅಂಕಣ. ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತೆ. ಸವಣೂರಿನ ಕಡೆಯ ಒಣ ಬಯಲಿನಲ್ಲಿ ಇದರ ಮೇಲೆ ಮಣ್ಣಿನ ಮಾಳಿಗೆ ಸಾಕಾಯಿತು. ಮಳೆ ಹೆಚ್ಚಿರುವ ಹಾನಗಲ್ಲಿನ ಕಡೆ ಇಳಿಜಾರಿನ ಹಂಚಿನ ಮಾಡು ಬೇಕಾಯಿತು.

ಇಂಥ ಮನೆಯಲ್ಲಿ ಚಿತ್ರೀಕರಣ ಮಾಡುವವರಿಗೆ ಅದರ ಬೆಳಕಿನ ಲೆಕ್ಕ ಬೇಗ ತಿಳಿಯುತ್ತದೆ. ಅಂಗಳದಿಂದ ಮತ್ತು ಮಾಳಿಗೆಯ ಬೆಳಕಿಂಡಿಯಿಂದ ಇಳಿಯುವ ಬೆಳಕಷ್ಟೇ ಆಧಾರ; ನಡುಮನೆಗೆ ಬರುವಷ್ಟರಲ್ಲಿ ಅದು ಬಹಳ ಕ್ಷೀಣಿಸುತ್ತದೆ. ಆದರೆ ರಕ್ಷಣೆಗಾಗಿ ಕಟ್ಟಿದ ಗೋಡೆ ಇನ್ನೊಂದು ಉಪಕಾರವನ್ನೂ ಮಾಡಿತು. ದಪ್ಪ ಮಣ್ಣಿನ ಗೋಡೆಯಲ್ಲಿ ಶಾಖ ಬಹು ನಿಧಾನವಾಗಿ ಸಾಗುತ್ತದೆ. ಮಧ್ಯಾಹ್ನದ ಬಿಸಿ ಒಳಗೆ ತಲಪುವ ಹೊತ್ತಿಗೆ ರಾತ್ರಿಯಾಗಿರುತ್ತದೆ.

ಅಂಗಳದಲ್ಲಿ ಇಲ್ಲವೆ ಎದುರಿನ ಬಯಲಿನಲ್ಲಿ ಜೋಳ ತುಂಬುವ ಹಗೇವು ಇರುತ್ತಿತ್ತು. ಬಾಯಿ ಮುಚ್ಚಿದ ಈ ನೆಲದಡಿಯ ಕಣಜದಲ್ಲಿ ಕಾಳಿನ ಉಸಿರಾಟದಿಂದ ಆಮ್ಲಜನಕ ಇಳಿದು ಇಂಗಾಲದ ಡೈ ಆಕ್ಸೈಡ್ ಹೆಚ್ಚುತ್ತದೆ, ಹುಳುಗಳು ಬದುಕುವುದಿಲ್ಲ. ತೆರೆದ ಕೂಡಲೇ ಮನುಷ್ಯನೂ ಇಳಿಯುವಂತಿಲ್ಲ. 1876-78ರ ಭೀಕರ ಬರ ಧಾರವಾಡ ಜಿಲ್ಲೆಯನ್ನೂ ಬಾಧಿಸಿತು. ಅಂಥ ದಿನಗಳಲ್ಲಿ ಹಗೇವಿನ ಬಾಯಿ ಯಾರ ಮಾತಿಗೆ ತೆರೆಯುತ್ತದೆ ಎಂಬುದೇ ಅಧಿಕಾರ.

ಆದುದರಿಂದ ವಾಡೆಯನ್ನು ಬರಿಯ ವೈಭವವೆಂದು ಕಾಣಲಾಗದು. ಯಾರು ಪಡಸಾಲೆಯಲ್ಲಿ ಕೂರಬಹುದು, ಯಾರು ಕಟ್ಟೆಯ ಕೆಳಗೆ ನಿಲ್ಲಬೇಕು, ಯಾರು ಹಿತ್ತಿಲ ಬಾಗಿಲಿನಿಂದ ಬರಬೇಕು ಎಂಬುದನ್ನು ಜಾತಿ ಮತ್ತು ಜಮೀನು ನಿರ್ಧರಿಸುತ್ತಿದ್ದವು. ಮೆಟ್ಟಿಲಿನ ಎತ್ತರವೂ ಒಂದು ದಾಖಲೆಯೇ.

1974ರ ಮಾರ್ಚ್ 1ರಿಂದ ಜಾರಿಗೆ ಬಂದ ಕರ್ನಾಟಕದ ಭೂಸುಧಾರಣಾ ತಿದ್ದುಪಡಿ ಗೇಣಿದಾರರಿಗೆ ಉಳುವ ಭೂಮಿಯ ಒಡೆತನ ಪಡೆಯುವ ದಾರಿ ತೆರೆಯಿತು. ನ್ಯಾಯವಾದ ಕ್ರಮವದು. ಆದರೆ ವಾಡೆಯನ್ನು ಪೋಷಿಸುತ್ತಿದ್ದ ಆದಾಯ ಅಲ್ಲಿಗೆ ನಿಂತಿತು. ವಿಚಿತ್ರವೆಂದರೆ ಅದೇ 1974ರಲ್ಲಿ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮ್ಯೂಸಿಯಂ, ಕೆಡವಲಾದ ಹಳ್ಳಿಗಾಡಿನ ದೊಡ್ಡ ಮನೆಗಳ ಬಗ್ಗೆ ಪ್ರದರ್ಶನ ಏರ್ಪಡಿಸಿ ಜನರನ್ನು ಎಚ್ಚರಿಸಿತು. ವಾರಸುದಾರಿಕೆಯ ತೆರಿಗೆಯ ಭಾರಕ್ಕೆ ಸಿಕ್ಕಿದ ಹಾರ್ಡ್‌ವಿಕ್ ಹಾಲ್ 1959ರಲ್ಲೇ ನ್ಯಾಷನಲ್ ಟ್ರಸ್ಟಿನ ವಶಕ್ಕೆ ಬಂದು ಉಳಿದುಕೊಂಡಿತ್ತು. ನಮ್ಮ ವಾಡೆಗಳಿಗೆ ಅಂಥ ಆಸರೆ ದೊರೆತದ್ದು ಅಪರೂಪ. ಪಾಲಾಗಿ, ಸೋರಿ, ಕೊನೆಗೆ ತೊಲೆ ಕಂಬಗಳ ಬೆಲೆಗೆ ಮಾರಿಹೋದವು ಎಷ್ಟೋ.

ಎಲ್ಲವನ್ನೂ ಉಳಿಸುವುದು ಸಾಧ್ಯವಿಲ್ಲ; ದಾಖಲಿಸುವುದು ಸಾಧ್ಯ. ವಿದ್ಯಾರ್ಥಿಗಳು ತಮ್ಮ ಊರಿನ ವಾಡೆಗೆ ಮನೆಯವರ ಅನುಮತಿ ಪಡೆದು ಹೋಗಲಿ. ಅಂಕಣ ಎಣಿಸಿ, ಗೋಡೆಯ ದಪ್ಪ ಅಳೆದು, ನಕ್ಷೆ ಬರೆಯಲಿ. ಆ ಮನೆಯಲ್ಲಿ ಹುಟ್ಟಿದವರ ಮಾತನ್ನೂ, ಅಲ್ಲಿ ದುಡಿದವರ ಮಾತನ್ನೂ ಬರೆದುಕೊಳ್ಳಲಿ. ಮಣ್ಣಿನ ಗೋಡೆ ಒಂದೆರಡು ಮಳೆಗಾಲದಲ್ಲಿ ಕರಗಬಹುದು. ಅಷ್ಟರೊಳಗೆ ಈ ಕೆಲಸ ಆಗಬೇಕು.