8, 16: ಮಗುವಿನ ತಿಳಿವಳಿಕೆಗೆ ಹಿಡಿದ ಅಳತೆಗೋಲು

ಬಸವಣ್ಣ ಮನೆ ಬಿಟ್ಟು ಹುನಗುಂದ ಸೀಮೆಯ ಕೂಡಲಸಂಗಮಕ್ಕೆ ಬಂದಾಗ ವಯಸ್ಸೆಷ್ಟು? ಹರಿಹರನ ರಗಳೆಯಲ್ಲಿ ಉಪನಯನ ಮುಗಿದಿದೆ; 16ರ ತರುಣ ಜನಿವಾರ ಕಿತ್ತೆಸೆದು ಹೊರಡುತ್ತಾನೆ. 1369ರ ಭೀಮಕವಿಯ ಪುರಾಣದಲ್ಲಿ ಬಾಲಕ ಉಪನಯನವನ್ನೇ ಒಲ್ಲೆನ್ನುತ್ತಾನೆ. ರೂಢಿಯ ಮಾತಿನಲ್ಲಿ ಅವನಿಗಿನ್ನೂ 8. ಯಾವುದು ಚರಿತ್ರೆ ಎಂಬ ಚರ್ಚೆ ಇಲ್ಲಿ ಬೇಡ. ನನ್ನ ಗಮನ ಹೋದದ್ದು ಆ ಎರಡು ಅಂಕಿಗಳ ಕಡೆಗೆ. ನಾರದಸ್ಮೃತಿಯ ಗೆರೆಗಳೂ ಅವೇ: 8ರವರೆಗೆ ಮಗು ಗರ್ಭದಲ್ಲಿದ್ದಂತೆ, 16ರವರೆಗೆ ಬಾಲ. ಭೀಮಕವಿಯ ಬಾಲಕ ಸ್ಮೃತಿಯ ಲೆಕ್ಕವನ್ನು ಮುರಿಯುತ್ತಾನೆ. ಹರಿಹರನ ತರುಣ ಅದು ಮುಗಿಯುವವರೆಗೆ ಕಾಯುತ್ತಾನೆ.

ಬಾದಾಮಿ ಚಾಲುಕ್ಯರ ವಂಶದವರೆಂದು ಹೇಳಿಕೊಂಡ ಕಲ್ಯಾಣದ ಅರಸರ ಆಶ್ರಯದಲ್ಲಿ ವಿಜ್ಞಾನೇಶ್ವರ ಧರ್ಮಶಾಸ್ತ್ರದ ವ್ಯಾಖ್ಯಾನವಾದ ಮಿತಾಕ್ಷರವನ್ನು ಬರೆದ. ಅಲ್ಲಿ ಎತ್ತಿಕೊಂಡಿರುವ ಒಂದು ನಿಯಮ ಸೊಗಸಾಗಿದೆ: 5 ದಾಟಿ 11 ತುಂಬದ ಮಗು ತಪ್ಪು ಮಾಡಿದರೆ ಪ್ರಾಯಶ್ಚಿತ್ತವನ್ನು ಅಣ್ಣನೋ ತಂದೆಯೋ ಆಪ್ತರೋ ಮಾಡಬೇಕು. ತಪ್ಪು ಇದೆ, ಹೊರೆ ಮಾತ್ರ ಹಿರಿಯರದು.

1860ರ ದಂಡಸಂಹಿತೆ ಆಗ ಮುಂಬಯಿ ಪ್ರಾಂತದಲ್ಲಿದ್ದ ಹುನಗುಂದ ಸೀಮೆಗೂ ಬಂತು. ಅದರ ಪ್ರಕಾರ 7ರೊಳಗಿನ ಮಗು ಏನು ಮಾಡಿದರೂ ಅಪರಾಧವಲ್ಲ. 7ರಿಂದ 12ರವರೆಗೆ ಆ ಕೃತ್ಯದ ಸ್ವರೂಪ, ಪರಿಣಾಮ ತಿಳಿಯುವಷ್ಟು ಬುದ್ಧಿ ಬಲಿತಿತ್ತೇ ಎಂದು ನೋಡಬೇಕು. ಹೊರೆ ಹೊರುವ ಅಣ್ಣ ಇಲ್ಲಿ ಮಾಯವಾದ. ಅಳೆಯುವ ನ್ಯಾಯಾಧೀಶ ಬಂದ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 20, 21ನೇ ಕಲಮುಗಳಲ್ಲೂ ಅದೇ ಅಂಕಿಗಳಿವೆ. 16 ಕೂಡ ಮರಳಿದೆ: 2015ರ ಬಾಲನ್ಯಾಯ ಕಾಯ್ದೆಯಂತೆ, ಘೋರ ಅಪರಾಧದ ಆರೋಪವಿದ್ದರೆ 16ರಿಂದ 18ರವರ ಮಾನಸಿಕ ಸಾಮರ್ಥ್ಯವನ್ನು ಬಾಲನ್ಯಾಯ ಮಂಡಳಿ ತೂಗಿನೋಡುತ್ತದೆ.

ಊರಿನ ತಕ್ಕಡಿ ಬೇರೆ. ಇದೇ ಸೀಮೆಯ ಇಳಕಲ್ಲಿನ ನೇಕಾರರ ಮನೆಯಲ್ಲಿ ಮಗುವಿನ ವಯಸ್ಸು ಕೇಳುವುದಕ್ಕಿಂತ ಕೈ ನೋಡುವುದು ಹೆಚ್ಚು. ಕುಣಿಮಗ್ಗದ ಪಕ್ಕ ರಾಟಿ ತಿರುಗುತ್ತಿರುತ್ತದೆ. ಎಳೆ ಹರಿಯದಂತೆ, ಗಂಟು ಬೀಳದಂತೆ ಕಂಡಿಕೆ ಸುತ್ತುವ ಹುಡುಗಿ ‘ಶ್ಯಾಣ್ಯಾ ಆಗ್ಯಾಳ’. ಅದೇ ಹುಡುಗಿ ದೊಡ್ಡವರ ಮಾತಿನ ನಡುವೆ ಬಾಯಿ ಹಾಕಿದರೆ ‘ನಿನಗೇನ್ ತಿಳೀತದ, ಸುಮ್ನ ಕುಂದರು’. ಕೆಲಸಕ್ಕೆ ಬಲಿತವಳು, ಮಾತಿಗೆ ಎಳೆಯಳು! 1986ರ ಬಾಲಕಾರ್ಮಿಕ ಕಾಯ್ದೆ ಮನೆಯವರೇ ನಡೆಸುವ ಕಸುಬನ್ನು ಹೊರಗಿಟ್ಟಿತ್ತು. 2016ರ ತಿದ್ದುಪಡಿ ಶಾಲೆ ಬಿಟ್ಟ ಮೇಲೆ, ರಜೆಯಲ್ಲಿ ಮಗು ಮನೆಯ ಕಸುಬಿಗೆ ನೆರವಾಗಬಹುದೆಂದಿತು. ನೆರವು ಎಲ್ಲಿ ಮುಗಿದು ದುಡಿಮೆ ಎಲ್ಲಿ ಶುರುವಾಗುತ್ತದೆ ಎಂದು ಆ ರಾಟಿಯ ಮುಂದೆ ಕುಳಿತು ಗುರುತಿಸುವುದು ಸುಲಭವಲ್ಲ.

ಸಾಕ್ಷಿ ಹೇಳುವುದಕ್ಕೆ ಮಾತ್ರ ಕಾನೂನು ವಯಸ್ಸನ್ನೇ ಗೊತ್ತುಮಾಡಲಿಲ್ಲ. 1872ರ ಸಾಕ್ಷ್ಯ ಕಾಯ್ದೆ ಕೇಳಿದ್ದು ಇಷ್ಟೇ: ಪ್ರಶ್ನೆ ತಿಳಿಯುತ್ತದೆಯೇ, ತಕ್ಕ ಉತ್ತರ ಬರುತ್ತದೆಯೇ? ಹಾಗಾಗಿ ಕಟಕಟೆಗೆ ಬಂದ ಮಗುವನ್ನು ನ್ಯಾಯಾಧೀಶರು ಮೊದಲು ಹೆಸರು, ತರಗತಿ ಕೇಳುತ್ತಾರೆ. ಆಮೇಲೆ, ಸುಳ್ಳು ಹೇಳಿದರೆ ಏನಾಗುತ್ತದೆ ಎಂದು ಕೇಳಿ, ಉತ್ತರ ಬರುವವರೆಗೆ ಕಾಯುತ್ತಾರೆ.